ಕೇಳಿ ಬಿಟ್ಟ ಸೊಳ್ಳೆ: ಯೋಗ್ಯಕಾರ್ತಾದಲ್ಲಿ ಡೆಂಗಿ ಇಳಿದ ಪ್ರಕರಣ

ನೀರು ನಿಲ್ಲಿಸಬೇಡಿ, ಸೊಳ್ಳೆ ಬೆಳೆಸಬೇಡಿ ಅನ್ನೋದನ್ನ ಕೇಳಿಕೊಂಡೇ ಬೆಳೆದವರು ನಾವು. ಹಾಗಿರುವಾಗ ಯಾರೋ ಬಾಗಿಲಿಗೆ ಬಂದು, ‘ಈ ಬಕೆಟ್ಟಿನಲ್ಲಿ ನೂರಕ್ಕೂ ಜಾಸ್ತಿ ಸೊಳ್ಳೆ ಮೊಟ್ಟೆ ಇವೆ, ನಿಮ್ಮ ಹಿತ್ತಲಲ್ಲಿ ಇಡಬಹುದಾ?’ ಅಂತ ಕೇಳಿದರೆ ಯಾರಾದರೂ ಹೂಂ ಅನ್ನುತ್ತಾರಾ? ಇಂಡೊನೇಷ್ಯಾದ ಯೋಗ್ಯಕಾರ್ತಾ ನಗರದ ಜನ ಹೂಂ ಅಂದರು. ಅವರು ಒಪ್ಪಿದ್ದರಿಂದ ಆ ಊರಿನ ಡೆಂಗಿ ಮುಕ್ಕಾಲು ಪಾಲು ಇಳಿಯಿತು.

ಈ ಪ್ರಕರಣದ ಬಗ್ಗೆ ಬರೆದವರೆಲ್ಲ ಸಾಮಾನ್ಯವಾಗಿ ಬ್ಯಾಕ್ಟೀರಿಯಾದ ಕಥೆ ಹೇಳುತ್ತಾರೆ. ಅದು ನಿಜಕ್ಕೂ ಸೊಗಸಾದ ಕಥೆ, ನಾನೂ ಹೇಳುತ್ತೇನೆ. ಆದರೆ ನನ್ನ ಪ್ರಕಾರ ಯೋಗ್ಯಕಾರ್ತಾದ ಗೆಲುವಿನಲ್ಲಿ ಅರ್ಧ ಪಾಲು ಪ್ರಯೋಗಾಲಯದ್ದಾದರೆ ಇನ್ನರ್ಧ ಆ ಬಾಗಿಲ ಮುಂದಿನ ಪ್ರಶ್ನೆಯದ್ದು. ಕರ್ನಾಟಕದಲ್ಲಿ ಕೂತು ಇದನ್ನು ಓದುವ ನಮಗೆ ಆ ಎರಡನೇ ಅರ್ಧವೇ ಹೆಚ್ಚು ಬೇಕಾದದ್ದು.

ಊರು ಮತ್ತು ಸೊಳ್ಳೆ

ಯೋಗ್ಯಕಾರ್ತಾ ಜಾವಾ ದ್ವೀಪದ ಹಳೆಯ ರಾಜಧಾನಿ. ಈಗ ಅಲ್ಲಿ ಸುಮಾರು ನಾಲ್ಕು ಲಕ್ಷ ಜನರಿದ್ದಾರೆ. ಕಿರಿದಾದ ಗಲ್ಲಿಗಳು, ಒಂದಕ್ಕೊಂದು ಅಂಟಿಕೊಂಡ ಮನೆಗಳು, ವರ್ಷವಿಡೀ ಸೆಕೆ, ಜೊತೆಗೆ ಜೋರು ಮಳೆಗಾಲ. ಅಲ್ಲಿನ ಬಚ್ಚಲುಮನೆಗಳಲ್ಲಿ ಗಾರೆ ತೊಟ್ಟಿ ಇರುತ್ತದೆ. ಯಾವಾಗಲೂ ನೀರು ತುಂಬಿಟ್ಟು, ಚೊಂಬಿನಲ್ಲಿ ಮೊಗೆದು ಮೈಮೇಲೆ ಹುಯ್ದುಕೊಳ್ಳುತ್ತಾರೆ. ನಮ್ಮ ಕಡೆ ಹಂಡೆ, ಡ್ರಮ್ಮು, ಸಂಪು ಹೇಗೋ ಅಲ್ಲಿ ಇದು ಹಾಗೆ. ಡೆಂಗಿ ಹರಡುವ ಈಡಿಸ್ ಈಜಿಪ್ಟಿ ಸೊಳ್ಳೆಗೆ ಇದಕ್ಕಿಂತ ಒಳ್ಳೆ ಜಾಗ ಬೇಕಿಲ್ಲ. ಅದು ಚರಂಡಿಯ ಕೊಳಕು ನೀರು ಹುಡುಕುವ ಸೊಳ್ಳೆ ಅಲ್ಲ. ಮನೆಯೊಳಗಿನ ತಿಳಿನೀರಿನಲ್ಲಿ, ನೀರಿನ ಅಂಚಿಗಿಂತ ಸ್ವಲ್ಪ ಮೇಲೆ, ತೊಟ್ಟಿಯ ಗೋಡೆಗೆ ಮೊಟ್ಟೆ ಅಂಟಿಸುತ್ತದೆ. ನೀರು ಬತ್ತಿದರೂ ಆ ಮೊಟ್ಟೆ ತಿಂಗಳುಗಟ್ಟಲೆ ಹಾಗೇ ಜೀವ ಹಿಡಿದಿರುತ್ತದೆ. ಮತ್ತೆ ನೀರು ಮುಟ್ಟಿದ ಕೂಡಲೇ ಮರಿ ಹೊರಬರುತ್ತದೆ. ತೊಟ್ಟಿ ಖಾಲಿ ಮಾಡಿದರೆ ಸಾಲದು, ಬ್ರಷ್ ಹಾಕಿ ಗೋಡೆ ಉಜ್ಜಬೇಕು ಅನ್ನೋದು ಇದಕ್ಕೇ.

ಇಂಡೊನೇಷ್ಯಾದಲ್ಲಿ ರಕ್ತಸ್ರಾವದ ತೀವ್ರ ಡೆಂಗಿ ಮೊದಲು ದಾಖಲಾಗಿದ್ದು 1968ರಲ್ಲಿ, ಸುರಬಾಯಾ ಮತ್ತು ಜಕಾರ್ತಾ ನಗರಗಳಲ್ಲಿ. ಆಮೇಲೆ ಅದು ಹೋಗಲೇ ಇಲ್ಲ. ಅಲ್ಲಿನ ಸರ್ಕಾರ ಸುಮ್ನೆ ಕೂತಿರಲಿಲ್ಲ. ತೊಟ್ಟಿ ತೊಳೆಯಿರಿ, ಮುಚ್ಚಿಡಿ, ಹಳೆ ಸಾಮಾನು ವಿಲೇವಾರಿ ಮಾಡಿ ಅನ್ನುವ ಪ್ರಚಾರ ಮನೆಮಾತಾಗಿತ್ತು. ಮನೆ ಮನೆಗೆ ಹೋಗಿ ಟಾರ್ಚ್ ಬಿಟ್ಟು ಲಾರ್ವಾ ಹುಡುಕುವ ಸ್ವಯಂಸೇವಕರಿದ್ದರು. ತೊಟ್ಟಿಗೆ ಹಾಕುವ, ಲಾರ್ವಾ ಕೊಲ್ಲುವ ಟೆಮಿಫಾಸ್ ಪುಡಿ ಇತ್ತು. ಯಾರಿಗಾದರೂ ಡೆಂಗಿ ಬಂದರೆ ಆ ಬೀದಿಗೆ ಫಾಗಿಂಗ್ ಯಂತ್ರ ಬರುತ್ತಿತ್ತು. ನಮ್ಮಲ್ಲಿ ಮಾಡುವುದೂ ಇದನ್ನೇ ಅಲ್ವಾ? ಇಷ್ಟೆಲ್ಲ ಮಾಡಿಯೂ ಯೋಗ್ಯಕಾರ್ತಾದಲ್ಲಿ ಪ್ರತಿ ಮಳೆಗಾಲ ಆಸ್ಪತ್ರೆಯ ಮಕ್ಕಳ ವಾರ್ಡ್ ತುಂಬುತ್ತಿತ್ತು. ಫಾಗಿಂಗ್ ಹೊಗೆ ಆ ಹೊತ್ತಿಗೆ ಹಾರುತ್ತಿರುವ ಸೊಳ್ಳೆಯನ್ನು ಮಾತ್ರ ಕೊಲ್ಲುತ್ತದೆ. ತೊಟ್ಟಿಯಲ್ಲಿರುವ ಮರಿಗಳಿಗೆ ಏನೂ ಆಗುವುದಿಲ್ಲ. ವಾರ ಕಳೆಯುವಷ್ಟರಲ್ಲಿ ಹೊಸ ಸೊಳ್ಳೆಗಳು ರೆಕ್ಕೆ ಬಿಚ್ಚಿರುತ್ತವೆ.

ಬ್ಯಾಕ್ಟೀರಿಯಾ

ವೊಲ್ಬಾಕಿಯಾ ಅನ್ನೋದು ಕೀಟಗಳ ಜೀವಕೋಶದೊಳಗೆ ಬದುಕುವ ಬ್ಯಾಕ್ಟೀರಿಯಾ. 1924ರಲ್ಲೇ ಇದನ್ನು ಕ್ಯುಲೆಕ್ಸ್ ಸೊಳ್ಳೆಯಲ್ಲಿ ಗುರುತಿಸಿದ್ದರು. ಹಣ್ಣಿನ ನೊಣ, ಪತಂಗ, ಚಿಟ್ಟೆ ಹೀಗೆ ಲೆಕ್ಕವಿಲ್ಲದಷ್ಟು ಕೀಟಗಳಲ್ಲಿ ಇದು ಇದೆ. ಆದರೆ ಡೆಂಗಿ ಹರಡುವುದರಲ್ಲಿ ಮುಂದಿರುವ ಈಡಿಸ್ ಈಜಿಪ್ಟಿಯಲ್ಲಿ ಸಹಜವಾಗಿ ಇಲ್ಲ. ಆಸ್ಟ್ರೇಲಿಯಾದ ಸ್ಕಾಟ್ ಓನೀಲ್ ಮತ್ತು ಅವರ ತಂಡ ಹಣ್ಣಿನ ನೊಣದಿಂದ ಈ ಬ್ಯಾಕ್ಟೀರಿಯಾ ತೆಗೆದು ಈಡಿಸ್ ಮೊಟ್ಟೆಯೊಳಗೆ ಸೂಜಿಯಿಂದ ಸೇರಿಸಲು ವರ್ಷಗಟ್ಟಲೆ ಹೆಣಗಿತು. ಕೊನೆಗೆ ಅದು ನೆಲೆಯೂರಿತು. ಆಗ ಕಂಡದ್ದು ಎರಡು ಗುಣ.

ಒಂದು, ವೊಲ್ಬಾಕಿಯಾ ಇರುವ ಸೊಳ್ಳೆಯ ಮೈಯಲ್ಲಿ ಡೆಂಗಿ ವೈರಸ್ ಸರಿಯಾಗಿ ಬೆಳೆಯುವುದಿಲ್ಲ. ಸೊಳ್ಳೆ ಕಚ್ಚುತ್ತದೆ, ವೈರಸ್ ದಾಟಿಸುವುದು ಮಾತ್ರ ಕಷ್ಟವಾಗುತ್ತದೆ. ಜೀಕಾ, ಚಿಕೂನ್‌ಗುನ್ಯಾ ವೈರಸ್‌ಗಳಿಗೂ ಇದೇ ಅಡ್ಡಿ ಪ್ರಯೋಗಾಲಯದಲ್ಲಿ ಕಂಡುಬಂದಿದೆ. ಎರಡನೆಯ ಗುಣ ಇನ್ನೂ ಜಾಣತನದ್ದು. ವೊಲ್ಬಾಕಿಯಾ ಇರುವ ಹೆಣ್ಣು ಯಾವ ಗಂಡಿನ ಜೊತೆ ಕೂಡಿದರೂ ಮರಿಗಳಿಗೆಲ್ಲ ವೊಲ್ಬಾಕಿಯಾ ಬರುತ್ತದೆ. ವೊಲ್ಬಾಕಿಯಾ ಇಲ್ಲದ ಹೆಣ್ಣು, ಇರುವ ಗಂಡಿನ ಜೊತೆ ಕೂಡಿದರೆ ಮೊಟ್ಟೆ ಒಡೆಯುವುದೇ ಇಲ್ಲ. ಹಾಗಾಗಿ ಸಾಕಷ್ಟು ಸೊಳ್ಳೆ ಬಿಟ್ಟರೆ, ಕೆಲವೇ ತಲೆಮಾರುಗಳಲ್ಲಿ ಊರಿನ ಸೊಳ್ಳೆಗಳೆಲ್ಲ ಹೊಸ ವಂಶಕ್ಕೆ ಸೇರಿಬಿಡುತ್ತವೆ. ಫಾಗಿಂಗ್ ಹಾಗೆ ವಾರವಾರ ಮಾಡುವ ಗೋಜಿಲ್ಲ. 2011ರಲ್ಲಿ ಆಸ್ಟ್ರೇಲಿಯಾದ ಕೇರ್ನ್ಸ್ ಪಕ್ಕದ ಎರಡು ಬಡಾವಣೆಗಳಲ್ಲಿ ಬಿಟ್ಟು ನೋಡಿದಾಗ ಇದು ನಿಜವಾಯಿತು.

ಆದರೆ ಸೊಳ್ಳೆಯ ವಂಶ ಬದಲಾಯಿತು ಅಂದಮಾತ್ರಕ್ಕೆ ಮನುಷ್ಯರ ಡೆಂಗಿ ಕಡಿಮೆಯಾಯಿತು ಅಂತ ಹೇಳಲಾಗುವುದಿಲ್ಲ. ಡೆಂಗಿ ಒಂದು ವರ್ಷ ಏರುತ್ತದೆ, ಮುಂದಿನ ವರ್ಷ ತಾನಾಗೇ ಇಳಿಯುತ್ತದೆ. ಇಳಿದ ವರ್ಷ ಯಾರು ಏನು ಮಾಡಿದ್ದರೋ ಅವರಿಗೆ ಹೆಸರು ಬರುತ್ತದೆ. ಇದನ್ನು ಗಟ್ಟಿಯಾಗಿ ಸಾಬೀತು ಮಾಡಲು ಡೆಂಗಿ ಸದಾ ಇರುವ, ಜನ ಕಿಕ್ಕಿರಿದ ಊರು ಬೇಕಿತ್ತು. ಆ ಊರೇ ಯೋಗ್ಯಕಾರ್ತಾ.

ಒಪ್ಪಿಗೆಗೆ ಹಿಡಿದ ವರ್ಷಗಳು

ಯೋಜನೆ ಅಲ್ಲಿ ಶುರುವಾಗಿದ್ದು 2011ರಲ್ಲಿ. ದೊಡ್ಡ ಪ್ರಯೋಗದ ಸೊಳ್ಳೆ ಹಾರಿದ್ದು 2017ರಲ್ಲಿ. ನಡುವಿನ ವರ್ಷಗಳಲ್ಲಿ ನಡೆದದ್ದೇ ಈ ಪ್ರಕರಣದ ತಿರುಳು ಅಂತ ನನಗನ್ನಿಸುತ್ತದೆ.

ಮುಂದಾಳು ಗಜ ಮದ ವಿಶ್ವವಿದ್ಯಾಲಯದ ಸಾರ್ವಜನಿಕ ಆರೋಗ್ಯ ಪ್ರಾಧ್ಯಾಪಕಿ ಆದಿ ಉತಾರಿನಿ. ಹಣ ಕೊಟ್ಟಿದ್ದು ಇಂಡೊನೇಷ್ಯಾದ್ದೇ ಆದ ತಹಿಜಾ ಪ್ರತಿಷ್ಠಾನ. ಇದು ಸಣ್ಣ ವಿಷಯ ಅಲ್ಲ. ಹೊರದೇಶದವರ ಹಣದಲ್ಲಿ ಹೊರದೇಶದವರೇ ಬಂದು ಸೊಳ್ಳೆ ಬಿಡುತ್ತಿದ್ದಾರೆ ಅನ್ನುವ ಅನುಮಾನಕ್ಕೆ ಅಲ್ಲಿ ಎಡೆ ಕಡಿಮೆಯಿತ್ತು.

ಜನ ಕೇಳಿದ ಪ್ರಶ್ನೆಗಳು ನಾವು ಕೇಳುವಂಥವೇ. ಇಷ್ಟು ದಿನ ಸೊಳ್ಳೆ ಕೊಲ್ಲಿ ಅಂದವರು ಈಗ ಸಾಕಿ ಅಂತೀರಲ್ಲ? ಕಚ್ಚಿದರೆ ಆ ಬ್ಯಾಕ್ಟೀರಿಯಾ ನಮ್ಮ ಮೈಗೆ ಬರಲ್ವಾ? ಎರಡನೆಯದಕ್ಕೆ ಉತ್ತರ ಸುಲಭ. ವೊಲ್ಬಾಕಿಯಾ ಮನುಷ್ಯರ ಮೈಯಲ್ಲಿ ಬದುಕುವುದಿಲ್ಲ. ರಾತ್ರಿ ಕಿವಿಯ ಬಳಿ ಗುಂಯ್‌ಗುಟ್ಟುವ ಚರಂಡಿಯ ಕ್ಯುಲೆಕ್ಸ್ ಸೊಳ್ಳೆಯಲ್ಲಿ ಅದು ಮೊದಲಿನಿಂದಲೂ ಇದೆ. ಯೋಗ್ಯಕಾರ್ತಾದವರೂ ಬೆಂಗಳೂರಿನವರೂ ಆ ಸೊಳ್ಳೆಯಿಂದ ಹುಟ್ಟಿದಾಗಿನಿಂದ ಕಚ್ಚಿಸಿಕೊಂಡೇ ಬಂದಿದ್ದೇವೆ. ಮೊದಲನೆಯ ಪ್ರಶ್ನೆ ಕಷ್ಟದ್ದು. ಸೊಳ್ಳೆ ಬಿಡುವ ತಿಂಗಳುಗಳಲ್ಲಿ ಕಡಿತ ಸ್ವಲ್ಪ ಜಾಸ್ತಿಯಾಗಬಹುದು. ಅದನ್ನು ಮುಚ್ಚಿಡದೆ ಹೇಳಿ, ಆಮೇಲೂ ಹೂಂ ಅನ್ನಿಸಿಕೊಳ್ಳಬೇಕು.

ಅದಕ್ಕೆ ಅವರು ಎಲ್ಲ ದಾರಿ ಹಿಡಿದರು. ಬೀದಿಯ ಮುಖಂಡರ ಜೊತೆ ಸಭೆ ಮಾಡಿದರು, ಗೋಡೆಗೆ ಚಿತ್ರ ಬರೆಸಿದರು, ಪತ್ರಿಕೆ ಮತ್ತು ರೇಡಿಯೋದಲ್ಲಿ ಮಾತಾಡಿದರು. ಕಿರುಚಿತ್ರ ಸ್ಪರ್ಧೆಯನ್ನೂ ಇಟ್ಟರು. 2014ರಲ್ಲಿ ಮೊದಲು ಪಕ್ಕದ ಸ್ಲೆಮಾನ್ ಮತ್ತು ಬಾಂತುಲ್ ಜಿಲ್ಲೆಗಳ ಕೆಲವೇ ಊರುಗಳಲ್ಲಿ ಸಣ್ಣದಾಗಿ ಬಿಟ್ಟು ನೋಡಿದರು. ದೇಶದ ಬೇರೆ ತಜ್ಞರ ಸ್ವತಂತ್ರ ತಂಡವೊಂದು ಅಪಾಯಗಳನ್ನು ಪರಿಶೀಲಿಸಿ, ನಗಣ್ಯ ಅಂತ ಹೇಳಿತು. ಅಷ್ಟಾದ ಮೇಲೆ ನಗರಕ್ಕೆ ಬಂದರು. ಬಕೆಟ್ ಇಟ್ಟಿದ್ದು ಒಪ್ಪಿದವರ ಮನೆಯಲ್ಲಿ ಮಾತ್ರ.

ಬಕೆಟ್ಟಿನೊಳಗೆ

ಆ ಬಕೆಟ್ಟನ್ನು ಹತ್ತಿರದಿಂದ ನೋಡೋಣ. ಮುಚ್ಚಳವಿರುವ ಸಾಧಾರಣ ಪ್ಲಾಸ್ಟಿಕ್ ಬಕೆಟ್ಟು. ಮೇಲ್ಭಾಗದಲ್ಲಿ ಸುತ್ತ ಸಣ್ಣ ತೂತುಗಳು. ಒಳಗೆ ಸ್ವಲ್ಪ ನೀರು, ಒಂದು ಪಟ್ಟಿಗೆ ಅಂಟಿಸಿದ 100ರಿಂದ 150 ಮೊಟ್ಟೆ, ಮರಿಗಳಿಗೆ ತಿನ್ನಲು ಮೀನಿನ ಆಹಾರ. ಇಷ್ಟೇ. ಬಿಸಿಲು ಮಳೆ ತಾಗದ ಕಡೆ, ಹಿತ್ತಲ ಗೋಡೆ ಪಕ್ಕವೋ ಗಿಡದ ನೆರಳಲ್ಲೋ ಇಡುತ್ತಿದ್ದರು. ಮೊಟ್ಟೆ ಒಡೆದು, ಮರಿ ಬೆಳೆದು, ಪೊರೆ ಕಳಚಿ, ಸೊಳ್ಳೆಗಳು ತೂತಿನಿಂದ ಒಂದೊಂದಾಗಿ ಹಾರಿಹೋಗುತ್ತಿದ್ದವು. ಎರಡು ವಾರಕ್ಕೊಮ್ಮೆ ಕೆಲಸಗಾರರು ಬಂದು ಹಳೆ ನೀರು ಚೆಲ್ಲಿ, ಹೊಸ ಮೊಟ್ಟೆ ಹಾಕಿ ಹೋಗುತ್ತಿದ್ದರು.

ನಗರದ 26 ಚದರ ಕಿಲೋಮೀಟರ್ ಜಾಗವನ್ನು 24 ತುಂಡು ಮಾಡಿದ್ದರು. ಅಲ್ಲಿ ವಾಸವಿದ್ದವರು ಸುಮಾರು 3.11 ಲಕ್ಷ ಜನ. 12 ತುಂಡುಗಳಿಗೆ ಸೊಳ್ಳೆ, ಉಳಿದ 12ಕ್ಕೆ ಇಲ್ಲ. ಯಾವುದಕ್ಕೆ ಹೌದು, ಯಾವುದಕ್ಕೆ ಇಲ್ಲ ಅನ್ನುವುದನ್ನು 2017ರ ಜನವರಿಯಲ್ಲಿ ಊರಿನವರ ಎದುರಿಗೇ ಅದೃಷ್ಟಕ್ಕೆ ಬಿಟ್ಟು ಆರಿಸಿದರು. ಯಾರ ಶಿಫಾರಸೂ ನಡೆಯಲಿಲ್ಲ. ಸೊಳ್ಳೆ ಸಿಗದ ಬಡಾವಣೆಗಳಿಗೆ ಖಾಲಿ ಬಕೆಟ್ ಇಟ್ಟು ನಂಬಿಸಲೂ ಇಲ್ಲ. ಮಾಮೂಲಿ ಸೊಳ್ಳೆ ನಿಯಂತ್ರಣ ಎರಡೂ ಕಡೆ ಮುಂದುವರಿಯಿತು.

2017ರ ಮಾರ್ಚ್‌ನಿಂದ ಡಿಸೆಂಬರ್‌ವರೆಗೆ ಬಕೆಟ್‌ಗಳಿದ್ದವು. ಬಲೆ ಇಟ್ಟು ಹಿಡಿದ ಸೊಳ್ಳೆಗಳನ್ನು ಪರೀಕ್ಷಿಸಿ, ವೊಲ್ಬಾಕಿಯಾ ಚೆನ್ನಾಗಿ ಬೇರೂರಿದ ಮೇಲೆ ಬಿಡುವುದನ್ನು ನಿಲ್ಲಿಸಿದರು. ಮುಂದೆ ಯಾರೂ ಏನೂ ಮಾಡದಿದ್ದರೂ ಆ ಬಡಾವಣೆಗಳ ಈಡಿಸ್ ಸೊಳ್ಳೆಗಳಲ್ಲಿ ವೊಲ್ಬಾಕಿಯಾದ ಪಾಲು ಶೇ 95ರ ಆಸುಪಾಸಿನಲ್ಲಿ ನಿಂತಿತು.

ಎಣಿಸಿದ ರೀತಿ

2018ರ ಜನವರಿಯಿಂದ ಎಣಿಕೆ ಶುರುವಾಯಿತು. ಇದರಲ್ಲಿ ಒಂದು ಸರಳ ಉಪಾಯವಿದೆ. ಊರಿನ 18 ಪ್ರಾಥಮಿಕ ಚಿಕಿತ್ಸಾಲಯಗಳಿಗೆ ಒಂದರಿಂದ ನಾಲ್ಕು ದಿನದ ಜ್ವರ ಅಂತ ಬಂದ, 3ರಿಂದ 45 ವರ್ಷದೊಳಗಿನವರಲ್ಲಿ ಒಪ್ಪಿದ ಎಲ್ಲರ ರಕ್ತ ತೆಗೆದುಕೊಂಡರು. ಡೆಂಗಿಯೋ ಬೇರೆ ಜ್ವರವೋ ಅಂತ ವೈದ್ಯರು ಊಹೆ ಮಾಡಬೇಕಿರಲಿಲ್ಲ, ಪಿಸಿಆರ್ ಪರೀಕ್ಷೆ ಹೇಳುತ್ತಿತ್ತು. ಬೇರೆ ಜ್ವರಗಳಿಗೂ ಈ ಸೊಳ್ಳೆಗೂ ಸಂಬಂಧವಿಲ್ಲ. ಹಾಗಾಗಿ ಸೊಳ್ಳೆ ಬಿಟ್ಟದ್ದರಿಂದ ಏನೂ ಆಗಿಲ್ಲ ಅನ್ನುವುದಾದರೆ, ಜ್ವರದವರಲ್ಲಿ ಡೆಂಗಿಯ ಪಾಲು ಎರಡೂ ಕಡೆ ಒಂದೇ ಇರಬೇಕು.

ಒಂದೇ ಇರಲಿಲ್ಲ. ಸೊಳ್ಳೆ ಬಿಟ್ಟ ಬಡಾವಣೆಗಳ 2,905 ಜ್ವರದ ರೋಗಿಗಳಲ್ಲಿ 67 ಜನರಿಗೆ ಡೆಂಗಿ ಇತ್ತು. ಬಿಡದ ಬಡಾವಣೆಗಳ 3,401 ರೋಗಿಗಳಲ್ಲಿ 318 ಜನರಿಗೆ. ಲೆಕ್ಕ ಹಾಕಿದರೆ ಶೇ 77ರಷ್ಟು ಇಳಿಕೆ. ನಾಲ್ಕೂ ಬಗೆಯ ಡೆಂಗಿ ವೈರಸ್‌ಗಳ ಮೇಲೆ ಪರಿಣಾಮ ಕಂಡಿತು.

ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಇನ್ನೊಂದು ಸಂಖ್ಯೆ. ಡೆಂಗಿಯಿಂದ ಆಸ್ಪತ್ರೆ ಸೇರಿದವರು ಒಂದು ಕಡೆ 13, ಇನ್ನೊಂದು ಕಡೆ 102. ಶೇ 86ರಷ್ಟು ಕಡಿಮೆ. ಡೆಂಗಿಗೆ ವೈರಸ್ ಕೊಲ್ಲುವ ಔಷಧ ಇಲ್ಲ ಅನ್ನೋದು ನೆನಪಿದ್ದರೆ ಈ ಸಂಖ್ಯೆಯ ತೂಕ ಗೊತ್ತಾಗುತ್ತದೆ. ಚಿಕಿತ್ಸೆ ಅಂದರೆ ನೀರಿನಂಶ ಕಾಪಾಡುವುದು, ಜ್ವರಕ್ಕೆ ಪ್ಯಾರಸಿಟಮಾಲ್, ಮತ್ತೆ ಕಣ್ಣಿಟ್ಟು ಕಾಯುವುದು. ಆಸ್ಪಿರಿನ್, ಐಬುಪ್ರೊಫೆನ್ ಮುಟ್ಟಬಾರದು, ರಕ್ತಸ್ರಾವ ಹೆಚ್ಚುತ್ತದೆ. ನಮ್ಮಲ್ಲಿ ಎಲ್ಲರೂ ಪ್ಲೇಟ್‌ಲೆಟ್ ಎಷ್ಟು ಅಂತ ಕೇಳುತ್ತಾರೆ, ಪರಂಗಿ ಎಲೆ ರಸಕ್ಕೆ ಓಡಾಡುತ್ತಾರೆ. ನಿಜವಾದ ಅಪಾಯ ಜ್ವರ ಬಿಟ್ಟಿತು ಅಂತ ಮನೆಯವರು ನೆಮ್ಮದಿಯಾಗುವ ದಿನಗಳಲ್ಲೇ ಇರುತ್ತದೆ. ರಕ್ತನಾಳದಿಂದ ದ್ರವ ಸೋರಿ ರಕ್ತದೊತ್ತಡ ಕುಸಿಯುವುದು ಆಗಲೇ. ಹೊಟ್ಟೆನೋವು, ನಿಲ್ಲದ ವಾಂತಿ, ಒಸಡಿನಲ್ಲಿ ರಕ್ತ, ಮಗು ಮಂಕಾಗಿ ಮಲಗಿಬಿಡುವುದು ಕಂಡರೆ ಒಂದು ಗಂಟೆಯೂ ಕಾಯಬಾರದು. ಈ ಆತಂಕ ಎಷ್ಟೋ ಮನೆಗಳಿಗೆ ಬರಲೇ ಇಲ್ಲ ಅನ್ನುವುದೇ 13 ಮತ್ತು 102ರ ನಡುವಿನ ವ್ಯತ್ಯಾಸ.

ಎಣಿಕೆ 2020ರ ಮಾರ್ಚ್‌ನಲ್ಲಿ ಕೋವಿಡ್ ಕಾರಣಕ್ಕೆ ಸ್ವಲ್ಪ ಬೇಗ ನಿಂತಿತು. ಅದೇ ತಿಂಗಳು ಉತಾರಿನಿ ಅವರ ಪತಿ ಕೋವಿಡ್‌ನಿಂದ ತೀರಿಕೊಂಡರು. ಆಗಸ್ಟ್‌ನಲ್ಲಿ ಫಲಿತಾಂಶ ಹೊರಬಿತ್ತು. 2021ರ ಜೂನ್‌ನಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಪೂರ್ತಿ ವರದಿ ಪ್ರಕಟವಾಯಿತು. ಅಷ್ಟರಲ್ಲೇ, ಕಾಯುತ್ತಿದ್ದ ಉಳಿದ 12 ಬಡಾವಣೆಗಳಿಗೂ ಸೊಳ್ಳೆ ಬಿಡುವ ಕೆಲಸ ಶುರುವಾಗಿತ್ತು. ಆಮೇಲೆ ಸ್ಲೆಮಾನ್, ಬಾಂತುಲ್ ಜಿಲ್ಲೆಗಳಿಗೂ ಹಬ್ಬಿತು. ಸೊಳ್ಳೆ ಬಿಟ್ಟ ಕಡೆ ಫಾಗಿಂಗ್ ಮಾಡುವ ಅಗತ್ಯ ಶೇ 83ರಷ್ಟು ಇಳಿದಿದ್ದೂ ನಂತರದ ಅಧ್ಯಯನದಲ್ಲಿ ಕಂಡಿತು.

ಅದೇ ಸೊಳ್ಳೆ, ಬೇರೆ ಊರು

ಇಂಡೊನೇಷ್ಯಾದ ಆರೋಗ್ಯ ಸಚಿವಾಲಯ ಇದನ್ನು ಇನ್ನೂ ಐದು ನಗರಗಳಿಗೆ ಒಯ್ಯಲು ನಿರ್ಧರಿಸಿತು. ಬಾಲಿಯಲ್ಲೂ ಪ್ರತ್ಯೇಕವಾಗಿ ಸಿದ್ಧತೆ ನಡೆದಿತ್ತು. ಆದರೆ 2023ರ ನವೆಂಬರ್‌ನಲ್ಲಿ, ಬಿಡುಗಡೆ ಇನ್ನೇನು ಆಗಬೇಕು ಅನ್ನುವಾಗ, ಬಾಲಿಯ ಜನ ಬೇಡ ಅಂದರು. ಸೊಳ್ಳೆಯ ಬಗ್ಗೆ ವಿಚಿತ್ರ ವದಂತಿಗಳು ಹರಡಿದ್ದವು. ಕೆಲಸ ಮುಂದೂಡಬೇಕಾಯಿತು. ದೇಶ ಅದೇ, ಬ್ಯಾಕ್ಟೀರಿಯಾ ಅದೇ, ಯೋಗ್ಯಕಾರ್ತಾದ ಅಂಕಿಅಂಶ ಅಷ್ಟು ಹೊತ್ತಿಗೆ ಎಲ್ಲರ ಕೈಯಲ್ಲಿತ್ತು. ಆದರೂ ಒಂದು ಊರಿನ ನಂಬಿಕೆಯನ್ನು ಇನ್ನೊಂದು ಊರಿಗೆ ಸಾಗಿಸಲು ಆಗಲಿಲ್ಲ.

ನಮ್ಮ ದೇಶಕ್ಕೆ ಇದು ಹೊಸ ಪಾಠವೂ ಅಲ್ಲ. 1970ರ ದಶಕದ ಆರಂಭದಲ್ಲಿ ದೆಹಲಿಯಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ವಿಶ್ವ ಆರೋಗ್ಯ ಸಂಸ್ಥೆ ಸೇರಿ ಸೊಳ್ಳೆಗಳ ಆನುವಂಶಿಕ ನಿಯಂತ್ರಣದ ಘಟಕ ನಡೆಸುತ್ತಿದ್ದವು. ಹಣ ಅಮೆರಿಕದ್ದು. ಸೋನೇಪತ್‌ನಲ್ಲಿ ಈಡಿಸ್ ಸೊಳ್ಳೆ ಬಿಡುವ ತಯಾರಿ ನಡೆದಿತ್ತು. ಇದು ಜೈವಿಕ ಯುದ್ಧದ ತಾಲೀಮು ಅನ್ನುವ ಆರೋಪ ಪತ್ರಿಕೆಗಳಲ್ಲಿ ಬಂತು, ಸಂಸತ್ತಿನ ಸಮಿತಿಯೂ ಕಟುವಾಗಿ ಪ್ರಶ್ನಿಸಿತು. 1975ರಲ್ಲಿ ಘಟಕ ಮುಚ್ಚಿತು. ವಿಜ್ಞಾನ ತಪ್ಪಿತ್ತು ಅಂತಲ್ಲ. ಯಾರಿಗಾಗಿ, ಏನು, ಯಾಕೆ ಅನ್ನುವುದನ್ನು ಜನರಿಗೆ ಮೊದಲೇ ಬಿಡಿಸಿ ಹೇಳಿರಲಿಲ್ಲ.

ಈಗ ಪುದುಚೇರಿಯ ಐಸಿಎಂಆರ್ ಕೀಟ ನಿಯಂತ್ರಣ ಸಂಶೋಧನಾ ಕೇಂದ್ರ, ಆಸ್ಟ್ರೇಲಿಯಾದಿಂದ ತಂದ ಮೊಟ್ಟೆಗಳ ಸೊಳ್ಳೆಯನ್ನು ಇಲ್ಲಿನ ಸೊಳ್ಳೆಯ ಜೊತೆ ಬೆರೆಸಿ, ವೊಲ್ಬಾಕಿಯಾ ಇರುವ ಎರಡು ತಳಿಗಳನ್ನು ಸಿದ್ಧ ಮಾಡಿದೆ. 2022ರಲ್ಲಿ ಅದನ್ನು ಪ್ರಕಟಿಸಿತು. ಎರಡು ತಳಿ ಯಾಕೆ ಅನ್ನುವುದು ಕರ್ನಾಟಕಕ್ಕೆ ಮುಖ್ಯ. ಒಂದೊಂದರಲ್ಲಿ ಒಂದೊಂದು ಬಗೆಯ ವೊಲ್ಬಾಕಿಯಾ ಇದೆ. ಯೋಗ್ಯಕಾರ್ತಾದಲ್ಲಿ ಬಳಸಿದ ಡಬ್ಲ್ಯುಮೆಲ್ (wMel) ಅನ್ನುವ ವೊಲ್ಬಾಕಿಯಾಕ್ಕೆ ವಿಪರೀತ ಬಿಸಿಲು ಆಗಿಬರುವುದಿಲ್ಲ. ಕಾದ ನೀರಿನಲ್ಲಿ ಬೆಳೆದ ಮರಿಗಳಲ್ಲಿ ಬ್ಯಾಕ್ಟೀರಿಯಾ ಸೊರಗುತ್ತದೆ. ಮಲೇಷ್ಯಾದಲ್ಲಿ ಬಳಸಿದ ಡಬ್ಲ್ಯುಆಲ್ಬ್‌ಬಿ (wAlbB) ಬಗೆ ಬಿಸಿ ಹೆಚ್ಚು ತಡೆಯುತ್ತದೆ. ಮಂಗಳೂರಿಗೆ ಸರಿಹೋದದ್ದು, ಏಪ್ರಿಲ್‌ನಲ್ಲಿ 42 ಡಿಗ್ರಿ ದಾಟುವ ಕಲಬುರಗಿಯ ಡ್ರಮ್ಮಿನ ನೀರಿಗೆ ಸರಿಹೋಗುತ್ತದೆ ಅಂತ ಸುಮ್ನೆ ನಂಬಬಾರದು. ಅಲ್ಲೇ ಪರೀಕ್ಷಿಸಬೇಕು.

2024ರಲ್ಲಿ ನಮ್ಮ ರಾಜ್ಯದಲ್ಲಿ ಸೆಪ್ಟೆಂಬರ್ ಆರಂಭಕ್ಕೇ ಡೆಂಗಿ ಪ್ರಕರಣ 25 ಸಾವಿರ ದಾಟಿತ್ತು. ಸರ್ಕಾರ ಅದನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿ ದಂಡ ನಿಗದಿ ಮಾಡಿತು. ಸೊಳ್ಳೆ ಬೆಳೆಯಲು ಬಿಟ್ಟರೆ ನಗರದ ಮನೆಗೆ 400 ರೂಪಾಯಿ, ಹಳ್ಳಿಯ ಮನೆಗೆ 200, ನಗರದ ಕಟ್ಟಡ ಕಾಮಗಾರಿಗೆ 2,000. ತಳಪಾಯದ ಗುಂಡಿಯಲ್ಲಿ ತಿಂಗಳುಗಟ್ಟಲೆ ನೀರು ನಿಲ್ಲಿಸುವ ಬಿಲ್ಡರ್‌ಗೆ ದಂಡ ಹಾಕಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ನಾಲ್ಕು ದಿನಕ್ಕೊಮ್ಮೆ ನಲ್ಲಿ ಬರುವ ಬೀದಿಯಲ್ಲಿ ಡ್ರಮ್ ತುಂಬಿಡದೆ ಯಾರಾದರೂ ಸಂಸಾರ ಮಾಡೋಕಾಗುತ್ತಾ? ಅಂಥ ಮನೆಗೆ ಬೇಕಾಗಿರುವುದು ರಸೀದಿ ಅಲ್ಲ, ಬಿಗಿಯಾದ ಮುಚ್ಚಳ, ಇಲ್ಲವೇ ದಿನಾ ಬರುವ ನೀರು. ದಂಡದ ರಸೀದಿ ಹಿಡಿದು ಬಂದ ಇಲಾಖೆಯವರೇ ನಾಳೆ ಮೊಟ್ಟೆಯ ಬಕೆಟ್ ಹಿಡಿದು ಬಂದರೆ ಆ ಮನೆಯವರು ಬಾಗಿಲು ತೆಗೆಯುವುದು ಕಷ್ಟ.

ಬಾಗಿಲು ತೆಗೆಸಬಲ್ಲವರು ನಮ್ಮಲ್ಲಿ ಇದ್ದಾರೆ. ಆಶಾ ಕಾರ್ಯಕರ್ತೆಯರು. ಬೀದಿಯ ಬಾಣಂತಿ ಯಾರು, ಮಗುವಿಗೆ ಲಸಿಕೆ ಆಗಿದೆಯಾ, ಯಾರ ಮನೆಯಲ್ಲಿ ಜ್ವರ ಅನ್ನುವುದು ಅವರಿಗೆ ಬಾಯಿಪಾಠ. ಪುದುಚೇರಿಯ ಸೊಳ್ಳೆಗೆ ಅನುಮತಿ ಸಿಕ್ಕಿ ಅದು ಕರ್ನಾಟಕದ ಯಾವುದೋ ಊರಿಗೆ ಬರುವುದಾದರೆ, ಮೊದಲ ತರಬೇತಿ ಅವರಿಗೆ ಸಿಗಬೇಕು, ಆ ಕೆಲಸಕ್ಕೆ ಸಂಬಳವೂ ಸಿಗಬೇಕು. ಯಾವ ವಾರ್ಡಿಗೆ ಮೊದಲು ಅನ್ನುವುದನ್ನು ಊರಿನವರ ಎದುರೇ ಆರಿಸಬೇಕು. ಎಲ್ಲ ಜ್ವರಕ್ಕೂ ರಕ್ತಪರೀಕ್ಷೆ ಮಾಡಿ, ಬಿಟ್ಟ ವಾರ್ಡಿನ ಲೆಕ್ಕವನ್ನೂ ಬಿಡದ ವಾರ್ಡಿನ ಲೆಕ್ಕವನ್ನೂ ಪ್ರಾಥಮಿಕ ಆರೋಗ್ಯ ಕೇಂದ್ರದ ಗೋಡೆಗೆ ಅಂಟಿಸಬೇಕು. ಈ ಮಾತುಕತೆ ಶುರು ಮಾಡಲು ಜನವರಿಯೇ ಸರಿ. ಆಗ ಡೆಂಗಿ ಕಡಿಮೆ ಇರುತ್ತದೆ, ವಾರ್ಡುಗಳು ಖಾಲಿ ಇರುತ್ತವೆ, ಹೆದರಿಕೆಯಿಲ್ಲದೆ ಕೂತು ಪ್ರಶ್ನೆ ಕೇಳಲು ಜನರಿಗೂ ಪುರುಸೊತ್ತು ಇರುತ್ತದೆ.